ಕುಡಿತ ಬಿಟ್ಟವರ ಸಭೆ: ಅದನ್ನು ಹುಡುಕುವ ಬಗೆ



ಈ ಪತ್ರಿಕೆಯಲ್ಲಿ ನಾನು ಬರೆಯುವುದು ಸಾಮಾನ್ಯವಾಗಿ ಬಿತ್ತನೆ ಬೀಜದ ಮಾತು, ಕಾಂಪೋಸ್ಟ್ ಗುಂಡಿಯ ಮಾತು, ರಾಗಿಗೆ ಬರುವ ಬೆಂಕಿರೋಗದ ಮಾತು. ಕೃಷಿ ಡಿಪ್ಲೊಮಾ ಓದಿ ಹಳ್ಳಿ ತಿರುಗುವವನಿಗೆ ಅದು ಬಿಟ್ಟು ಬೇರೆ ಏನು ಗೊತ್ತಿದ್ದೀತು ಎಂದು ನೀವು ಕೇಳಬಹುದು. ಈ ಸಲದ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಮೂರು ವರ್ಷಗಳ ಹಿಂದೆ, ಮುಂಗಾರಿಗೆ ಸ್ವಲ್ಪ ಮುಂಚೆ, ಒಂದು ಹಳ್ಳಿಯ ಶಾಲೆಯ ಜಗಲಿಯಲ್ಲಿ ಬೀಜೋಪಚಾರ ಮಾಡಿ ತೋರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದು ನಿಂತು, “ಬೀಜ ಎಲ್ಲಿ ಸಿಗುತ್ತೆ, ಗೊಬ್ಬರ ಎಲ್ಲಿ ಸಿಗುತ್ತೆ ಅಂತ ಎಲ್ಲಾ ಹೇಳ್ತೀರಲ್ಲ ಸ್ವಾಮಿ, ಕುಡಿಯೋದು ಬಿಡಿಸೋಕೆ ಎಲ್ಲಿಗೆ ಹೋಗ್ಬೇಕು ಅನ್ನೋದನ್ನೂ ಹೇಳಿ” ಎಂದರು. ಕೆಲವರು ನಕ್ಕರು. ಆ ತಾಯಿ ನಗಲಿಲ್ಲ.

ಅವರ ಮನೆಯವರು ನನಗೆ ಚೆನ್ನಾಗಿ ಗೊತ್ತಿದ್ದವರೇ. ಆ ಊರಿನಲ್ಲಿ ಜಿ.ಪಿ.ಯು. 28 ರಾಗಿಯ ಪ್ರಾತ್ಯಕ್ಷಿಕೆ ತಾಕನ್ನು ನಾವು ಇಟ್ಟದ್ದು ಅವರ ಹೊಲದಲ್ಲಿಯೇ. ಕೈಯಲ್ಲಿ ಅಂಥ ಕೆಲಸವಿದ್ದ ರೈತರು ನಮ್ಮ ಕಡೆ ಹೆಚ್ಚು ಮಂದಿ ಇಲ್ಲ. ಆದರೆ ಕುಡಿಯುತ್ತಿದ್ದರು. ನನ್ನ ಬಳಿ ಅಂದು ಉತ್ತರವಿರಲಿಲ್ಲ. “ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿ ಅಕ್ಕ” ಎಂದುಬಿಟ್ಟೆ. ಹನ್ನೊಂದು ವರ್ಷದಿಂದ ಒಳ್ಳೆಯ ಮಾತು, ಕೆಟ್ಟ ಮಾತು, ಕಣ್ಣೀರು, ಆಣೆ ಎಲ್ಲವನ್ನೂ ಮುಗಿಸಿದ್ದ ಹೆಂಗಸಿಗೆ, ಇನ್ನೂ ಮೂವತ್ತು ತುಂಬದ ಹುಡುಗ ಕೊಟ್ಟ ಉತ್ತರ ಅದು. ಅವರು ಕೇಳಿದ್ದು ವಿಳಾಸವನ್ನು, ಬುದ್ಧಿಮಾತನ್ನಲ್ಲ. ಆ ವಿಳಾಸವನ್ನು ಈಗ, ತಡವಾಗಿಯಾದರೂ, ಬರೆಯುತ್ತಿದ್ದೇನೆ. ತಮ್ಮ ಸಂಗತಿಯನ್ನು ಬರೆಯಲು ಆ ದಂಪತಿಗಳು ಒಪ್ಪಿದ್ದಾರೆ. ಊರು, ಹೆಸರು ಬೇಡವೆಂದಿದ್ದಾರೆ.

ಕುಡಿಯುವವರೆಲ್ಲ ಚಟಕ್ಕೆ ಬಿದ್ದವರಲ್ಲ. ದೆಹಲಿಯ ಏಮ್ಸ್ ಸಂಸ್ಥೆಯವರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ಸುಮಾರು 5 ಕೋಟಿ 70 ಲಕ್ಷ ಜನ ಅದರಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು. ಇವರನ್ನು ಗುರುತಿಸುವುದು ಕಷ್ಟವಲ್ಲ. ಬೆಳಿಗ್ಗೆ ಎದ್ದೊಡನೆ ಕೈ ನಡುಗುತ್ತದೆ, ಆ ನಡುಕ ನಿಲ್ಲಬೇಕಾದರೆ ಮತ್ತೆ ಕುಡಿಯಬೇಕು. ಇಷ್ಟೇ ಸಾಕು ಎಂದು ಗೊತ್ತು ಮಾಡಿಕೊಂಡು ಹೋದರೂ ಅಷ್ಟಕ್ಕೆ ನಿಲ್ಲುವುದಿಲ್ಲ. ದೇವರ ಮುಂದೆ ಕರ್ಪೂರ ಹಚ್ಚಿ ಬಿಡುತ್ತಾರೆ, ಹಬ್ಬ ಕಳೆಯುವುದರೊಳಗೆ ಮತ್ತೆ ಹಿಡಿಯುತ್ತಾರೆ. ಇದು ಕೊಬ್ಬೂ ಅಲ್ಲ, ಮಾಟವೂ ಅಲ್ಲ. ವೈದ್ಯಶಾಸ್ತ್ರ ಇದನ್ನು ಕಾಯಿಲೆಯೆಂದೇ ಎಣಿಸುತ್ತದೆ.

ಅಂಗಡಿ ಮುಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಪ್ಯಾಕೆಟ್ಟುಗಳು ಕಾಣದಾದದ್ದು ನೆನಪಿದೆ. ಅನೇಕ ಮನೆಗಳಿಗೆ ಅದರಿಂದ ಉಪಕಾರವಾಯಿತು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಚಟ ಗಟ್ಟಿಯಾಗಿದ್ದವರು ಬೇರೆ ಸರಕಿಗೆ ತಿರುಗಿಕೊಂಡರು. ಅಂಗಡಿಯ ಮಾತು ಸರ್ಕಾರಕ್ಕೂ ಪಂಚಾಯಿತಿಗೂ ಸೇರಿದ್ದು. ಈ ಲೇಖನದಲ್ಲಿ ಹೇಳುವುದು, ಬಿಡಬೇಕೆಂಬ ಮನಸ್ಸು ಎಲ್ಲೋ ಒಂದು ಮೂಲೆಯಲ್ಲಿ ಹುಟ್ಟಿದ ಮನುಷ್ಯ ಯಾರ ಬಳಿ ಹೋಗಿ ಕುಳಿತುಕೊಳ್ಳಬೇಕು ಎಂಬುದನ್ನು ಮಾತ್ರ.

ಅವನು ಹೋಗಬೇಕಾದದ್ದು ಕುಡಿದು ಬಿಟ್ಟವರ ಬಳಿಗೆ. ಈ ಸಂಗತಿ ಗೊತ್ತಾದದ್ದು ಹೇಗೆಂಬುದಕ್ಕೆ ಒಂದು ಕಥೆಯಿದೆ. ದೂರದ ದೇಶದ್ದಾದರೂ ಕೇಳಿ.

ಅಮೆರಿಕದ ಓಹಾಯೊ ರಾಜ್ಯದಲ್ಲಿ ಆಕ್ರನ್ ಎಂಬ ಪಟ್ಟಣವಿದೆ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬಾತ ನ್ಯೂಯಾರ್ಕಿನಿಂದ ವ್ಯಾಪಾರದ ಕೆಲಸಕ್ಕೆ ಅಲ್ಲಿಗೆ ಬಂದಿದ್ದ. ದೊಡ್ಡ ಕುಡುಕನಾಗಿದ್ದವನು, ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಹೋಟೆಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದಾನೆ. ಒಂದು ಕಡೆ ಮದ್ಯದ ಕೊಠಡಿ, ಒಳಗಿನಿಂದ ನಗುವಿನ ಸದ್ದು. ಇನ್ನೊಂದು ಕಡೆ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ಇನ್ನೊಬ್ಬ ಕುಡುಕನ ಜೊತೆ ಮಾತನಾಡಿದರೆ ಮಾತ್ರ ಈ ಹೊತ್ತು ದಾಟೀತು ಎಂದು ಅವನಿಗೆ ಅನಿಸಿತು. ಪಟ್ಟಿ ಹಿಡಿದು ಫೋನು ಮಾಡುತ್ತ ಹೋದ. ಕೊನೆಗೆ ಒಬ್ಬ ಮಹಿಳೆ, ತಮಗೆ ಗೊತ್ತಿದ್ದ ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರನ್ನು ಭೇಟಿ ಮಾಡಿಸಲು ಒಪ್ಪಿದರು. ಆ ಡಾಕ್ಟರೂ ಕುಡಿತದಿಂದ ಹಾಳಾಗುತ್ತಿದ್ದವರೇ. ಹೆಂಡತಿಯ ಒತ್ತಾಯಕ್ಕೆ, ಹದಿನೈದು ನಿಮಿಷ ಮಾತ್ರ ಎಂದು ಹೇಳಿ ಬಂದವರು, ಸಂಜೆ ಐದಕ್ಕೆ ಕುಳಿತು ರಾತ್ರಿ ಹನ್ನೊಂದು ದಾಟಿದ ಮೇಲೆ ಎದ್ದರು. ಅವರಿಗೆ ಬುದ್ಧಿ ಹೇಳಿದವರು ಅದುವರೆಗೆ ಬೇಕಾದಷ್ಟು ಮಂದಿ. ತಮ್ಮಂತೆಯೇ ಕುಡಿದು, ತಮ್ಮಂತೆಯೇ ಸುಳ್ಳು ಹೇಳಿ, ಅದನ್ನೆಲ್ಲ ಬಾಯಿಬಿಟ್ಟು ಆಡಿದವನು ಇವನೇ ಮೊದಲು.

ಡಾಕ್ಟರ್ ಸ್ಮಿತ್ ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಆ ದಿನವನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಘ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ. ಹೆಸರು ಹೇಳಿಕೊಳ್ಳದ ಕುಡುಕರ ಬಳಗ ಎಂದು ಅದರ ಅರ್ಥ, ಚಿಕ್ಕದಾಗಿ ಎ.ಎ. ಎನ್ನುತ್ತಾರೆ. ಅವರಿಬ್ಬರೂ ಕೂಡಲೇ ಆಸ್ಪತ್ರೆಗೆ ಹೋಗಿ, ಕುಡಿದು ಮಲಗಿದ್ದ ಮೂರನೆಯವನೊಬ್ಬನನ್ನು ಹುಡುಕಿದರು. ಬಳಗ ಬೆಳೆದದ್ದು ಹೀಗೆ ಒಬ್ಬರಿಂದ ಒಬ್ಬರಿಗೆ. ನಮ್ಮ ದೇಶದಲ್ಲಿ ಇದು 1957ರಲ್ಲಿ ಬೊಂಬಾಯಿಯಲ್ಲಿ ಮೊದಲಾಯಿತು. ಈಗ ನಮ್ಮ ರಾಜ್ಯದ ಪಟ್ಟಣಗಳಲ್ಲಿಯೂ ಇದರ ಸಭೆಗಳಿವೆ.

ನಮ್ಮ ಇಲಾಖೆಯವರಿಗೆ ಇದು ಹೊಸದೆನಿಸಬಾರದು. ಬೆಂಕಿರೋಗ ತಡೆಯುವ ತಳಿಯ ಮೇಲೆ ನಾನು ಒಂದು ಗಂಟೆ ಭಾಷಣ ಮಾಡಿದರೂ ನೀವು ಒಪ್ಪುವುದಿಲ್ಲ. ಪಕ್ಕದ ಹೊಲದವನ ತೆನೆ ನೋಡಿದರೆ ಆ ಸಂಜೆಯೇ ಬೀಜ ಕೇಳಲು ಬರುತ್ತೀರಿ. ಅದಕ್ಕೇ ನಾವು ಪ್ರಾತ್ಯಕ್ಷಿಕೆ ತಾಕು ಇಡುವುದು. ಕುಡಿತ ಬಿಟ್ಟವರ ಸಭೆಯೂ ಅಂಥ ತಾಕೇ. ನಿನ್ನೆಯವರೆಗೆ ಚರಂಡಿಯ ಪಕ್ಕ ಬಿದ್ದಿದ್ದವನು ಇಸ್ತ್ರಿ ಅಂಗಿ ತೊಟ್ಟು ಎದುರಿಗೆ ಕುಳಿತಿರುತ್ತಾನೆ. ಇದು ಬರಿಯ ನಂಬಿಕೆಯ ಮಾತಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, 10,565 ಜನರ ವಿವರವನ್ನು, ಒರೆಗೆ ಹಚ್ಚಿತು. ಪೂರ್ತಿಯಾಗಿ ಬಿಟ್ಟು ಬಾಳುವುದರಲ್ಲಿ, ಚಿಕಿತ್ಸಕರು ಕ್ರಮವಾಗಿ ಎ.ಎ. ಸಭೆಗೆ ಸೇರಿಸಿದವರ ಫಲ ಬೇರೆ ಒಳ್ಳೆಯ ಚಿಕಿತ್ಸೆಗಳಿಗಿಂತ ಮೇಲಾಗಿತ್ತು. ‘ಕ್ರಮವಾಗಿ ಸೇರಿಸಿದವರ’ ಎಂಬ ಮಾತನ್ನು ಗಮನಿಸಿ. ‘ಎಲ್ಲಾದರೂ ಹೋಗಿ ಬಿಟ್ಟು ಬಾ’ ಎಂದು ಮನೆಯಿಂದ ನೂಕುವುದು ಬೇರೆ, ಕರೆದುಕೊಂಡು ಹೋಗಿ ಕೂರಿಸುವುದು ಬೇರೆ.

ಸಭೆಯ ದಾರಿ ಹೇಳುವುದಕ್ಕೆ ಮುಂಚೆ ಒಂದು ಎಚ್ಚರಿಕೆ ಕೊಡಲೇಬೇಕು. ಇದನ್ನು ಹಾರಿಸಿ ಓದಬೇಡಿ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಂದೇ ಸಲಕ್ಕೆ ನಿಲ್ಲಿಸಿದರೆ ಮೈಗೆ ಅಪಾಯ. ಮೊದಲ ದಿನ ನಡುಕ, ಬೆವರು, ವಾಂತಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರು, ನಾಲ್ಕನೆಯ ದಿನಗಳಲ್ಲಿ ಕೆಲವರಿಗೆ ಬುದ್ಧಿ ಭ್ರಮಿಸಿ, ಇಲ್ಲದ ಹುಳುಗಳು ಮೈಮೇಲೆ ಹರಿದಂತೆ, ಇಲ್ಲದ ಜನ ಕರೆದಂತೆ ಆಗುತ್ತದೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಹೋಗಿ ಪ್ರಾಣ ಕಳೆದುಕೊಂಡವರುಂಟು. ಇದಕ್ಕೆ ಆಸ್ಪತ್ರೆಯಲ್ಲಿ ಮಾತ್ರೆಯೂ ಇಂಜೆಕ್ಷನ್ನೂ ಇವೆ. ಕುಡಿತದಿಂದ ಕಡಿಮೆಯಾದ ಬಿ-1 ಜೀವಸತ್ವವನ್ನೂ ಕೊಡುತ್ತಾರೆ. ಆದ್ದರಿಂದ ಬೆಳಿಗ್ಗೆ ಕೈ ನಡುಗುವವರು ಮೊದಲು ಹೋಗಬೇಕಾದದ್ದು ಡಾಕ್ಟರ ಬಳಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ರೋಗಗಳ ವೈದ್ಯರಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ.

ಜೊತೆಗೆ ಇನ್ನೊಂದು. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಿ ಹಾಕುವ ಪುಡಿ, ಮಾತ್ರೆ ಸಿಗುತ್ತದೆಂದು ಹೇಳಿ ಮಾರುವವರಿದ್ದಾರೆ. ಡೈಸಲ್ಫಿರಾಮ್ ಎಂಬ ಮಾತ್ರೆ ವೈದ್ಯರು ಕೊಡುವುದೇ; ಅದನ್ನು ತಿಂದು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದ ಒತ್ತಡ ಕುಸಿಯುತ್ತದೆ. ತಿನ್ನುವವನಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಡಬೇಕಾದ ಔಷಧ ಅದು. ಗುಟ್ಟಾಗಿ ಹಾಕಿದರೆ ಜೀವಕ್ಕೇ ಸಂಚಕಾರ. ತಾಯಂದಿರೇ, ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಇನ್ನು ಸಭೆಯನ್ನು ಹುಡುಕುವ ಬಗೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ, ನೀವು ಅದನ್ನು ಮಾಡದಿರಲೆಂದು.

ಆ ತಾಯಿ ಕೇಳಿದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಪಟ್ಟಣದ ಸಭೆಯೊಂದರ ವಿಳಾಸವಿದ್ದ ಹಳೆಯ ಚೀಟಿ ಪರಿಚಯದವರೊಬ್ಬರ ಬಳಿ ಸಿಕ್ಕಿತು. ಗುರುವಾರ ಸಂಜೆ ಏಳು ಗಂಟೆ ಎಂದು ಬರೆದಿತ್ತು. ಆ ರೈತರು ಆಸ್ಪತ್ರೆಯಲ್ಲಿ ಎಂಟು ದಿನವಿದ್ದು ಬಂದಿದ್ದರು. ಬಿಟ್ಟು ಹದಿನಾರು ದಿನವಾಗಿತ್ತು. “ನೀವು ಜೊತೆಗೆ ಬರೋದಾದರೆ ಬರ್ತೀನಿ” ಎಂದರು. ಬಸ್ಸಿನಲ್ಲಿ ಇಪ್ಪತ್ತೆರಡು ಮೈಲಿ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಅಕ್ಕಪಕ್ಕದವರನ್ನು ಕೇಳಿದೆ, ಆ ಸಭೆ ಬೇರೆ ಜಾಗಕ್ಕೆ, ಬೇರೆ ವಾರಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. “ಹೋಗಲಿ ಬಿಡಿ ಸ್ವಾಮಿ, ನಮ್ಮ ಹಣೇಬರಹ” ಎಂದು ಅವರು ನಕ್ಕರು. ಬಸ್ ನಿಲ್ದಾಣದಲ್ಲಿ, ಮೂತ್ರಕ್ಕೆ ಹೋಗಿ ಬರುತ್ತೇನೆಂದು ಹೋದವರು ಬಂದದ್ದು ಒಂದು ಗಂಟೆಯ ಮೇಲೆ. ಬಾಯಿಂದ ವಾಸನೆ ಬರುತ್ತಿತ್ತು. ಅಲ್ಲಿಂದ ಮುಂದೆ ಎಂಟು ತಿಂಗಳು ಅವರು ನನ್ನ ಮುಖ ನೋಡಲಿಲ್ಲ. ಆ ವರ್ಷ ಅವರ ಹೊಲದಲ್ಲಿ ಕಳೆ ತೆಗೆದವರಿಲ್ಲ. ಒಂದು ಜೊತೆ ಎತ್ತೂ ಹೋಯಿತು.

ಫೋನು ಮಾಡಿ ವಿಚಾರಿಸಿದ್ದರೆ ಎರಡು ನಿಮಿಷದ ಕೆಲಸ. ಬೀಜದ ಚೀಲದ ಮೇಲಿನ ದಿನಾಂಕ ನೋಡದೆ ಬಿತ್ತಬೇಡಿ ಎಂದು ನಿಮಗೆಲ್ಲ ಹೇಳುವವನು ನಾನೇ.

ಆದಕಾರಣ, ಸಭೆ ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ಎಂಬುದನ್ನು ಹೋಗುವ ದಿನವೇ ಕೇಳಿ ಗಟ್ಟಿಮಾಡಿಕೊಳ್ಳಬೇಕು. ಕೇಳುವುದು ಎಲ್ಲಿ ಎಂದರೆ, ಮೊದಲನೆಯದಾಗಿ ಆಸ್ಪತ್ರೆಯಲ್ಲಿಯೇ. ವ್ಯಸನ ಬಿಡಿಸುವ ವಾರ್ಡಿನ ದಾದಿಯರಿಗೂ ಸಮಾಜ ಕಾರ್ಯಕರ್ತರಿಗೂ ಹತ್ತಿರದ ಸಭೆಗಳು ಗೊತ್ತಿರುತ್ತವೆ. ಬಿಟ್ಟವರು ಕೆಲವೆಡೆ ಆಸ್ಪತ್ರೆಗೇ ಬಂದು ರೋಗಿಗಳೊಡನೆ ಮಾತನಾಡುವುದೂ ಉಂಟು. ಹಾಗೆ ಬಂದವರ ಫೋನ್ ನಂಬರು ಪಡೆದರೆ ಅದಕ್ಕಿಂತ ಒಳ್ಳೆಯ ವಿಳಾಸ ಇನ್ನಿಲ್ಲ. ಎರಡನೆಯದು ಸರ್ಕಾರದ ಉಚಿತ ದೂರವಾಣಿ. 14416 ಎಂಬುದು ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಆರಂಭವಾಯಿತು, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. 14446 ಎಂಬುದು ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಂಖ್ಯೆ. ಮೂರನೆಯದು ಎ.ಎ. ಬಳಗವೇ. ಅದರ ಭಾರತದ ಕಚೇರಿ ಮುಂಬಯಿಯಲ್ಲಿದೆ. ಊರೂರಿನ ಸಭೆಗಳ ಪಟ್ಟಿಯನ್ನು ಅವರ ಜಾಲತಾಣದಲ್ಲಿ ಕೊಡುತ್ತಾರೆ. ಕಾಲೇಜಿಗೆ ಹೋಗುವ ಹುಡುಗರು ಮೊಬೈಲಿನಲ್ಲಿ ತೆಗೆದುಕೊಟ್ಟಾರು. ಪಟ್ಟಿ ನೋಡಿದ ಮೇಲೆಯೂ ಫೋನು ಮಾಡಿ. ನನ್ನ ಬೀಗದ ಬಾಗಿಲು ನೆನಪಿರಲಿ.

ನಮ್ಮ ಹಳ್ಳಿಗಳಿಗೆ ಹತ್ತಿರವಾದ ಇನ್ನೊಂದು ದಾರಿಯೂ ಇದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಊರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುವುದನ್ನು ನೀವು ನೋಡಿರಬಹುದು. ಕಲ್ಯಾಣಮಂಟಪದಲ್ಲಿಯೋ ಸಮುದಾಯ ಭವನದಲ್ಲಿಯೋ ಒಂದು ವಾರದಷ್ಟು ಕಾಲ ಅಲ್ಲಿಯೇ ಉಳಿದು, ವೈದ್ಯರ ತಪಾಸಣೆ, ವ್ಯಾಯಾಮ, ಭಜನೆ, ಸಲಹೆ ಎಲ್ಲವೂ ನಡೆಯುತ್ತದೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ ಎಂದು ಮಾಡಿಕೊಂಡು ಆಮೇಲೂ ಕೂಡುತ್ತಾರೆ. ಶಿಬಿರದ ಜನರನ್ನು ಊರಿಗೆ ಊರೇ ನೋಡುತ್ತದೆ, ಎ.ಎ.ಯಲ್ಲಿ ಹೆಸರು ಹೊರಗೆ ಬರುವುದಿಲ್ಲ. ಕೆಲವರಿಗೆ ಊರಿನ ಮುಂದೆ ಕೊಟ್ಟ ಮಾತೇ ಬಲ, ಕೆಲವರಿಗೆ ಯಾರಿಗೂ ತಿಳಿಯದಿರುವುದೇ ಧೈರ್ಯ. ಯಾರಿಗೆ ಯಾವುದು ಹೊಂದುತ್ತದೋ ಅದು. ಶಿಬಿರದಲ್ಲಿ ಬಿಟ್ಟು, ಬಳಿಕದ ಸಭೆಗೆ ಮಾತ್ರ ಹೋಗದಿರುವವರಿದ್ದಾರೆ. ಜಾರುವವರಲ್ಲಿ ಅಂಥವರೇ ಹೆಚ್ಚೆಂಬುದು ನಾನು ನಮ್ಮ ಹಳ್ಳಿಗಳಲ್ಲಿ ಕಂಡ ಮಾತು.

ಈಗ ಬಾಗಿಲ ಒಳಗೆ ಹೋಗೋಣ. ಹೆಚ್ಚಿನವರು ಹಿಂಜರಿಯುವುದು ಒಳಗೆ ಏನು ನಡೆಯುತ್ತದೋ ಎಂಬ ಭಯದಿಂದ. ಪೊಲೀಸರಿಗೆ ಹೇಳುತ್ತಾರೆಯೇ, ಮತಾಂತರ ಮಾಡುತ್ತಾರೆಯೇ, ದುಡ್ಡು ಕೇಳುತ್ತಾರೆಯೇ, ಊರಿನವರು ಯಾರಾದರೂ ಕುಳಿತಿರುತ್ತಾರೆಯೇ ಎಂದು ಆ ರೈತರು ನನ್ನನ್ನು ಕೇಳಿದ್ದರು.

ಎ.ಎ. ಸಭೆಗಳು ಎರಡು ಬಗೆ. ಕುಡಿತದ ತೊಂದರೆ ಇದ್ದವರಿಗೆ ಮಾತ್ರವೇ ಇರುವುದು ಒಂದು. ನನ್ನಂಥವರೂ ಮನೆಯವರೂ ಬಂದು ಕೂರಬಹುದಾದ ತೆರೆದ ಸಭೆ ಇನ್ನೊಂದು. ಎಂಟು ತಿಂಗಳ ಮೇಲೆ ಆ ರೈತರು ತಾವೇ ಬಂದು “ಇನ್ನೊಂದು ಸಲ ಹೋಗೋಣ್ವಾ” ಎಂದಾಗ ನಾನು ತೆರೆದ ಸಭೆಯನ್ನೇ ವಿಚಾರಿಸಿ ಕರೆದುಕೊಂಡು ಹೋದೆ. ಚರ್ಚಿಗೆ ಸೇರಿದ ಶಾಲೆಯ ಒಂದು ಕೊಠಡಿ. ಅನೇಕ ಕಡೆ ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಸಭೆ ಸೇರುವುದು ಅಲ್ಲಿ ಅಗ್ಗವಾಗಿ ಜಾಗ ಸಿಗುತ್ತದೆಂಬ ಕಾರಣಕ್ಕೆ. ಬಳಗ ಯಾವ ಮತಕ್ಕೂ ಸೇರಿದ್ದಲ್ಲ. ದೇವರ ಮಾತು ಬರುತ್ತದೆ, ನಿಜ. ಆದರೆ ಅವರವರು ತಿಳಿದ ದೇವರು. ನಂಬದವರೂ ಬರುತ್ತಾರೆ.

ಹನ್ನೊಂದು ಜನ ಇದ್ದರು. ಆಟೋ ಓಡಿಸುವವರು, ನಿವೃತ್ತ ಗುಮಾಸ್ತರು, ಗಾರೆ ಕೆಲಸದವರು, ಒಬ್ಬ ಹೆಣ್ಣುಮಗಳು. ಮೇಜಿನ ಮೇಲೆ ಟೀ. ಒಬ್ಬರು ಸಣ್ಣ ಪ್ರಾರ್ಥನೆ ಹೇಳಿ ಆರಂಭಿಸಿದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮೊದಲ ಹೆಸರು ಹೇಳಿ, ತಾನು ಕುಡಿತದ ಕಾಯಿಲೆಯವನೆಂದು ಹೇಳಿ, ತನ್ನ ಕಥೆ ಹೇಳಿದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ನಡುವೆ ಬಾಯಿ ಹಾಕಲಿಲ್ಲ. ಗಾರೆ ಕೆಲಸದವರು, ಮಗಳ ಓಲೆ ಅಡವಿಟ್ಟು ಕುಡಿದು, ಕಳ್ಳರು ಒಯ್ದರೆಂದು ಬೀದಿಯಲ್ಲಿ ಕೂಗಾಡಿದ್ದನ್ನು ಹೇಳಿದರು. ನಮ್ಮ ರೈತರು ತಲೆ ಬಗ್ಗಿಸಿ ಕುಳಿತಿದ್ದವರು ಆಗ ತಲೆ ಎತ್ತಿದರು. ಎತ್ತಿನ ವಿಷಯದಲ್ಲಿ ತಾವೂ ಹೆಂಡತಿಗೆ ಅಂಥದೇ ಸುಳ್ಳು ಹೇಳಿದ್ದರೆಂದು ನನಗೆ ತಿಳಿದದ್ದು ವಾಪಸು ಬರುವ ಬಸ್ಸಿನಲ್ಲಿ. ಅವರ ಸರದಿ ಬಂದಾಗ “ನಾನು ಇವತ್ತು ಕೇಳ್ತೀನಿ ಅಷ್ಟೇ” ಎಂದರು. ಆಗಲಿ ಎಂದು ಮುಂದಿನವರು ಶುರು ಮಾಡಿದರು. ಮಾತನಾಡಲೇಬೇಕೆಂಬ ಕಟ್ಟಳೆಯಿಲ್ಲ.

ಹಾಜರಿ ಪುಸ್ತಕವಿಲ್ಲ, ಅರ್ಜಿಯಿಲ್ಲ, ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸದಸ್ಯರು. ಕೊನೆಗೆ ಒಂದು ಡಬ್ಬಿ ಸುತ್ತಿ ಬಂತು, ಟೀಗೆ ಮತ್ತು ಬಾಡಿಗೆಗೆ. ಸದಸ್ಯರು ಇಷ್ಟವಿದ್ದಷ್ಟು ಹಾಕುತ್ತಾರೆ, ಇಲ್ಲದವರು ದಾಟಿಸುತ್ತಾರೆ. ನಾನು ಹತ್ತು ರೂಪಾಯಿ ಹಾಕಹೋದರೆ ಬೇಡವೆಂದರು. ಹೊರಗಿನವರ ಹಣ ಅವರು ಮುಟ್ಟುವುದಿಲ್ಲವಂತೆ. ಸರ್ಕಾರಿ ಕಾರ್ಯಕ್ರಮಗಳನ್ನು ಕಂಡ ನನಗೆ ಇದೊಂದು ಆಶ್ಚರ್ಯ. ಅವರು ಸಾಲ ಕೊಡುವುದಿಲ್ಲ, ಕೆಲಸ ಕೊಡಿಸುವುದಿಲ್ಲ, ಔಷಧ ಕೊಡುವುದಿಲ್ಲ ಎಂಬುದನ್ನೂ ತಿಳಿದುಕೊಂಡು ಹೋಗಿ. ಕೊಡುವುದು ಫೋನ್ ನಂಬರು. ಕುಡಿಯಬೇಕೆನಿಸಿದಾಗ, ಗುಟುಕು ಹಾಕುವುದಕ್ಕೆ ಮುಂಚೆ ಫೋನು ಮಾಡು ಎನ್ನುತ್ತಾರೆ. ಹಳಬರೊಬ್ಬರು ಹೊಸಬರಿಗೆ ಜೊತೆಗಾರರಾಗುತ್ತಾರೆ. ಜನ್ಮಪೂರ್ತಿ ಬಿಡುತ್ತೇನೆಂಬ ಆಣೆಯನ್ನು ಯಾರೂ ಕೇಳುವುದಿಲ್ಲ. ಇವತ್ತು ಒಂದು ದಿನ ಕುಡಿಯಬೇಡ, ನಾಳೆಯದನ್ನು ನಾಳೆ ನೋಡೋಣ ಎಂಬುದು ಅವರ ಲೆಕ್ಕ. ವರ್ಷಕ್ಕೆ ಮೂರು ಸಲ ಆಣೆ ಮುರಿದು ನಾಚಿಕೊಂಡವನಿಗೆ ಈ ಲೆಕ್ಕ ಹಗುರವಾಗಿ ಕಾಣುತ್ತದೆ.

ಒಂದೇ ಸಭೆ ನೋಡಿ ಇದು ನಮಗಲ್ಲ ಎಂದು ಬಿಡಬೇಡಿ. ಒಂದೊಂದು ಸಭೆಯ ಸ್ವಭಾವ ಒಂದೊಂದು ಬಗೆ. ಐದಾರು ಸಲ ಹೋಗಿ, ಆಗುವುದಾದರೆ ಎರಡು ಬೇರೆ ಸಭೆಗಳನ್ನು ನೋಡಿ. ಊರಿನವರು ಕಂಡಾರೆಂಬ ಸಂಕೋಚವಿದ್ದರೆ ಪಕ್ಕದ ತಾಲ್ಲೂಕಿನ ಸಭೆಗೆ ಹೋಗಬಹುದು. ಊರಿನವರೇ ಕುಳಿತಿದ್ದರೆ? ಅವರೂ ಅದೇ ಕಾಯಿಲೆಗೆ ಬಂದವರಲ್ಲವೇ? ಕುಡಿಯುವ ಹೆಣ್ಣುಮಕ್ಕಳೂ ನಮ್ಮಲ್ಲಿದ್ದಾರೆ, ಅವರ ಮಾತನ್ನು ಯಾರೂ ಆಡುವುದಿಲ್ಲ. ಅವರಿಗೂ ಆ ಬಾಗಿಲು ತೆರೆದೇ ಇದೆ; ಮೊದಲ ಸಲ ಹೆಣ್ಣು ಜೊತೆಗಾರ್ತಿ ಸಿಗುವ ಸಭೆ ಯಾವುದೆಂದು ಫೋನಿನಲ್ಲಿ ಕೇಳಿಕೊಂಡರೆ ಅನುಕೂಲ.

ಮನೆಯವರಿಗೆ ಬೇರೆಯೇ ಒಂದು ಬಳಗವಿದೆ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಇನ್ನೊಬ್ಬ ಗೆಳತಿಯೊಡನೆ 1951ರಲ್ಲಿ ಆರಂಭಿಸಿದ ಇದರ ಹೆಸರು ಆಲ್-ಅನಾನ್. ಗಂಡ ಬಿಡಲಿ, ಬಿಡದಿರಲಿ, ಹೆಂಡತಿಯೂ ಮಕ್ಕಳೂ ಹೋಗಬಹುದು. ನಮ್ಮಲ್ಲಿ ದೊಡ್ಡ ಊರುಗಳಲ್ಲಿ ಮಾತ್ರ ಈ ಸಭೆ ಸಿಗುವುದು ಸಾಮಾನ್ಯ. ಆ ತಾಯಿ ಎರಡು ಸಲ ಹೋಗಿ ಬಂದರು. ಏನು ಕೇಳಿದಿರಿ ಅಕ್ಕ ಎಂದದ್ದಕ್ಕೆ, “ಅವರ ಸಾಲಾನ ನಾನು ಗುಟ್ಟಾಗಿ ತೀರಿಸ್ತಿದ್ದೆ, ಇನ್ನು ತೀರಿಸಬೇಡ ಅಂತ ಅಲ್ಲಿ ಯಾರೂ ಹೇಳಲಿಲ್ಲ, ಆದರೂ ತೀರಿಸೋದು ಬಿಟ್ಟೆ” ಎಂದರು. ನನಗೆ ಇದು ಪೂರ್ತಿ ಅರ್ಥವಾಗಿದೆಯೆಂದು ಹೇಳಲಾರೆ.

ಹತ್ತಿರದಲ್ಲಿ ಸಭೆಯೇ ಇಲ್ಲದಿದ್ದರೆ ಏನು ಗತಿ? ನಮ್ಮ ಬಹುಪಾಲು ಹಳ್ಳಿಗಳ ಸ್ಥಿತಿ ಇದೇ. ಸಂಜೆ ಏಳರ ಸಭೆ ಮುಗಿಸಿದರೆ ವಾಪಸು ಬರಲು ಬಸ್ಸಿಲ್ಲ. 2020ರಲ್ಲಿ ಕೊರೋನಾ ಬಂದಾಗಿನಿಂದ ಮೊಬೈಲಿನ ಮೂಲಕ ಕೂಡುವ ಸಭೆಗಳು ಹೆಚ್ಚಾಗಿವೆ. ಹೊಲದ ಬದುವಿನ ಮೇಲೆ ಕುಳಿತೂ ಸೇರಬಹುದು, ಸಿಗ್ನಲ್ ಒಂದು ಸಿಗಬೇಕು ಅಷ್ಟೇ. ಆದರೆ ಹೊಸಬರಿಗೆ ಮುಖಾಮುಖಿ ಕೂರುವುದೇ ಮೇಲೆಂದು ನನಗೆ ತೋರುತ್ತದೆ. ಅದಕ್ಕೆ ಆಕ್ರನ್ ಊರಿನ ಸಂಗತಿಯನ್ನು ಮತ್ತೆ ನೆನೆಯಿರಿ. ಅಲ್ಲಿ ಇದ್ದದ್ದು ಇಬ್ಬರು. ಕುಡಿತ ಬಿಡಬೇಕೆಂದಿರುವ ಇಬ್ಬರು ವಾರಕ್ಕೊಂದು ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಜಾಗದಲ್ಲಿ ಕುಳಿತರೆ ಅದೂ ಸಭೆಯೇ. ಪಟ್ಟಣದ ಬಳಗದವರನ್ನು ಕೇಳಿಕೊಂಡರೆ ಹಳಬರೊಬ್ಬರು ಬಂದು ನಡೆಸುವ ಕ್ರಮ ತೋರಿಸಿಕೊಡುತ್ತಾರೆ. ಜಾಗಕ್ಕೆ ಪಂಚಾಯಿತಿ ಸದಸ್ಯರಲ್ಲಿ ನನ್ನದೊಂದು ವಿನಂತಿ: ಗ್ರಂಥಾಲಯದ ಕೋಣೆಯೋ ಶಾಲೆಯ ಕೊಠಡಿಯೋ ವಾರಕ್ಕೊಂದು ಗಂಟೆ ಕೊಡಿ, ಮತ್ತು ಒಳಗೆ ಯಾರಿದ್ದಾರೆಂದು ಇಣುಕಬೇಡಿ. ಉದ್ಘಾಟನೆ, ಹಾರ, ಫೋಟೋ ಯಾವುದೂ ಬೇಡ.

ಆ ರೈತರು ಎರಡನೆಯ ಸಲ ಹೋದ ಮೇಲೆ ಎಲ್ಲವೂ ನೆಟ್ಟಗಾಯಿತೆಂದು ಬರೆದರೆ ಸುಳ್ಳಾದೀತು. ನಾಲ್ಕನೆಯ ತಿಂಗಳಲ್ಲಿ, ತಂಗಿಯ ಮನೆಯ ಮದುವೆಯಲ್ಲಿ, ಮತ್ತೆ ಕುಡಿದರು. ಮೂರು ದಿನ. ನಾಲ್ಕನೆಯ ದಿನ ಆ ಗಾರೆ ಕೆಲಸದವರಿಗೆ ತಾವೇ ಫೋನು ಮಾಡಿದರು. ಅವರು ಬೈಯಲಿಲ್ಲ, ಬಸ್ಸು ಹತ್ತಿ ಬಂದರು. ಆಸ್ಪತ್ರೆಗೆ ಕರೆದೊಯ್ದು ಆಮೇಲೆ ಸಭೆಗೆ ಕರೆದೊಯ್ದರು. ಅಲ್ಲಿಂದೀಚೆಗೆ ಹದಿನಾಲ್ಕು ತಿಂಗಳಾಯಿತು. ಈ ಮುಂಗಾರಿಗೆ ಪ್ರಾತ್ಯಕ್ಷಿಕೆ ತಾಕು ಮತ್ತೆ ಅವರ ಹೊಲದಲ್ಲಿಯೇ ಇದೆ. ಎತ್ತು ಇನ್ನೂ ಬಂದಿಲ್ಲ. ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುಮೆ ನಡೆಯಿತು.

ಪಟ್ಟಣದ ಆ ಸಭೆ ಈಗ ಸೇರುವ ವಾರ, ವೇಳೆಗಳನ್ನು ಇಲ್ಲಿ ಅಚ್ಚು ಹಾಕಿಸಿಲ್ಲ. ಅಚ್ಚಾದದ್ದು ಹಳತಾಗುತ್ತದೆ, ನನ್ನ ಚೀಟಿಯಂತೆ. ಸೋಮವಾರ ಬೆಳಿಗ್ಗೆ ನಾನು ಬ್ಲಾಕ್ ಕಚೇರಿಯಲ್ಲಿರುತ್ತೇನೆ. ಬೀಜದ ವಿಚಾರಕ್ಕೆ ಬರುವವರ ಸಾಲಿನಲ್ಲಿಯೇ ಬಂದು ಕೇಳಿದರೆ ಸಾಕು, ಯಾರಿಗಾಗಿ ಎಂದು ಹೇಳಬೇಕಾದ ಅಗತ್ಯವಿಲ್ಲ. ಅಲ್ಲಿಯೇ ನಿಮ್ಮೆದುರಿಗೆ ಫೋನು ಮಾಡಿ ವಿಚಾರಿಸಿ ಹೇಳುತ್ತೇನೆ. ಜೊತೆಗೆ ಬರುವವರು ಬೇಕೆಂದರೆ ಆ ರೈತರು ಬರುವುದಾಗಿ ಹೇಳಿದ್ದಾರೆ, ಕಟಾವಿನ ದಿನಗಳಲ್ಲಿ ಮಾತ್ರ ಎರಡು ದಿನ ಮುಂಚೆ ತಿಳಿಸಬೇಕಂತೆ.